ಅಟ್ಟೆಯಮ್ಮನ ಮನೆಯಲ್ಲಿ ಬರಿಗಾಲು

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಆ ರಟ್ಟು ತೆಗೀರಿ," ಎಂದ ದಲ್ಲಾಳಿ.

"ಕಾಲಿಗೆ ಬೀಳೋದಾದ್ರೆ ಬೀಳಪ್ಪ, ಬೇಡ ಅನ್ನಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬಂದು ಬೀಳು," ಅಂದಳು ಅಟ್ಟೆಯಮ್ಮ.

ಬೂಟಿನ ಡಬ್ಬದ ಮುಚ್ಚಳವೊಂದನ್ನು ಕತ್ತರಿಸಿ, ಅದರ ಮೇಲೆ ಕಪ್ಪು ಬಣ್ಣದಲ್ಲಿ 'ಮನೆ ನೋಡಲು ಬರುವವರು ಮೆಟ್ಟು ಹೊರಗೆ ಬಿಡಬೇಕು' ಎಂದು ಬರೆದು ಬಾಗಿಲಿಗೆ ನೇತುಹಾಕಿದ್ದಳು. ದಲ್ಲಾಳಿಯ ಹೊಟ್ಟೆ ಉರಿಗೆ ಅದೇ ಕಾರಣ.

ಸೇತುವೆಯ ಕೆಳಗಿನ ಮೂಲೆಯಲ್ಲಿ ಮೂವತ್ತೊಂದು ವರ್ಷದಿಂದ ಕೂತು, ಮೆಟ್ಟುಗಳ ಸವೆದ ಅಟ್ಟೆ ಕಿತ್ತು ಹೊಸ ಅಟ್ಟೆ ಹೊಲಿಯುವವಳಿಗೆ ಜನ ಇನ್ನೇನು ಹೆಸರಿಡುತ್ತಾರೆ? ಕೆಲವರ ಬಾಯಲ್ಲಿ ಅದು 'ಅತ್ತೆಯಮ್ಮ' ಆಗುವುದೂ ಉಂಟು. ಅಂಥವರಿಗೆ ಅವಳು ತಲೆ ಎತ್ತದೆ "ಏನು ಅಳಿಯಂದ್ರೇ?" ಅನ್ನುವಳು.

ಈಗ ಆ ಸೇತುವೆ ಅಗಲವಾಗುತ್ತಿತ್ತು. ಮೂಲೆ ಖಾಲಿ ಮಾಡಿ ಎಂದು ಚೀಟಿ ಅಂಟಿಸಿ ಹೋಗಿದ್ದರು. ಬಸ್ ನಿಲ್ದಾಣದ ಎದುರು ಒಂದು ಪುಟ್ಟ ಅಂಗಡಿ ಮಾರಾಟಕ್ಕಿತ್ತು, ಮೇಲೊಂದು ಕೋಣೆಯೂ ಇತ್ತು. ಅದರ ಮಾಲೀಕ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದ. ತಿಂಗಳು ಮುಗಿಯಲು ಇನ್ನು ಆರೇ ದಿನ. ಅಷ್ಟರೊಳಗೆ ಈ ಮೂರು ಕೋಣೆಯ ಮನೆ ಮಾರಾಟವಾದರೆ ಅಂಗಡಿ ಅವಳದು. ಜೀವಮಾನದಲ್ಲಿ ಮೊದಲ ಸಲ ತಲೆ ಮೇಲೆ ಸೂರಿರುವ ಅಂಗಡಿ. ಆಗದಿದ್ದರೆ ಐವತ್ತಾರರ ವಯಸ್ಸಿನಲ್ಲಿ ಹೊಸ ಬೀದಿ, ಹೊಸ ಮೂಲೆ ಹುಡುಕಿಕೊಂಡು ಅಲೆಯಬೇಕು.

"ಮನೆ ನೋಡೋಕೆ ಬಂದೋರಿಗೆ ಒಳಗೆ ಕಾಲಿಟ್ಟ ತಕ್ಷಣ ಇದು ನಮ್ಮದೇ ಮನೆ ಅನ್ನಿಸ್ಬೇಕು ಅಕ್ಕಾ. ನೀವು ಬಾಗಿಲಲ್ಲೇ ಬಿಚ್ಚಿ ಅಂದ್ರೆ ಮುಖ ಕಿವುಚ್ತಾರೆ. ನಿನ್ನೆ ಬಂದೋರು ಏನಂದ್ರು ಗೊತ್ತಾ? ಬೂಟಿನ ದಾರ ಬಿಚ್ಚಿ ಕಟ್ಟೋಷ್ಟರಲ್ಲಿ ಇನ್ನೆರಡು ಮನೆ ನೋಡ್ಬಹುದಿತ್ತಂತೆ."

"ಆ ಮನುಷ್ಯ ಹೊಸ್ತಿಲ ಮೇಲೆ ನಿಂತು ಕೊಕ್ಕರೆ ಹಾಗೆ ಕತ್ತು ಚಾಚಿ ಅಡುಗೆಮನೆ ನೋಡ್ದ. ಕತ್ತು ಅಷ್ಟು ಉದ್ದ ಆಗೋದಾದ್ರೆ ಸೊಂಟ ಬಗ್ಗಲ್ವಾ? ಕೇಳು, ಮನೆ ಅವರದಾದ ಮೇಲೆ ಒಳಗೆ ಕುದುರೆ ಓಡಿಸ್ಲಿ. ಇವತ್ತು ನಂದು."

ಅವಳದು ಜಂಬವಲ್ಲ, ಭಕ್ತಿಯೂ ಅಲ್ಲ. ಅಟ್ಟೆಯ ಅಡಿ ಏನಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಯಾರೋ ಉಗುಳಿದ ಕಫ, ನಾಯಿಯ ಹೇಲು, ಮೀನು ಮಾರುವ ಜಾಗದ ಕೊಚ್ಚೆ, ಆಸ್ಪತ್ರೆಯ ನೆಲದಿಂದ ಎದ್ದು ಬಂದದ್ದು, ಎಲ್ಲವೂ ಮೂವತ್ತೊಂದು ವರ್ಷ ಅವಳ ತೊಡೆಯ ಮೇಲೆ ಮಲಗಿ ಎದ್ದಿವೆ. ಹಗಲಿಡೀ ಜಗತ್ತಿನ ಮೆಟ್ಟು ತೊಡೆ ಮೇಲೆ. ಸಂಜೆ ಮನೆಗೆ ಬಂದರೆ ಒಂದು ಮೆಟ್ಟೂ ಬಾಗಿಲು ದಾಟಬಾರದು. ತೀರಿಹೋದ ಗಂಡನೂ ಅದೇ ಕಸುಬಿನವನು, ಅವನೂ ಈ ನಿಯಮ ಮೀರಿದವನಲ್ಲ. ಅವನಿದ್ದಾಗಿನಿಂದಲೂ ಹಜಾರದ ಸಿಮೆಂಟು ನೆಲಕ್ಕೆ ವಾರಕ್ಕೊಮ್ಮೆ ಬಣ್ಣವಿಲ್ಲದ ಬೂಟ್ ಪಾಲಿಶ್ ಸವರಿ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ, ಮುಖ ನೋಡಿಕೊಳ್ಳುವ ಹಾಗೆ ಮಾಡಿದ್ದಳು.

ಕೊನೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ನಡುವೆ ಬಂದಳು.

"ಅಮ್ಮಾ, ರಟ್ಟು ಇರ್ಲಿ ಬಿಡು. ಆದ್ರೆ ಭಾನುವಾರದ ಮಟ್ಟಿಗೆ ನಿನ್ನ ಸಾಮಾನು ಪಕ್ಕದ ಮನೇಲಿ ಇಡೋಣ."

"ಯಾಕೆ?"

ಮಗಳು ಗೋಣಿಚೀಲದ ಬಾಯಿ ಬಿಚ್ಚತೊಡಗಿದಳು.

"ಬಾಯಿ ಬಿಡೆ, ಯಾಕೆ?"

"ಅಂಟಿನ ವಾಸನೆ ಬರುತ್ತೆ. ಬಂದೋರು ಏನಂದ್ಕೋತಾರೋ."

"ನಿನ್ನ ಕಾಲೇಜಿನ ಫೀಸು ಕಟ್ಟಿದಾಗ ಆ ನೋಟುಗಳೂ ಇದೇ ವಾಸನೆ ಹೊಡೀತಿದ್ವು. ಕಾಲೇಜಿನೋರು ಮೂಗು ಮುಚ್ಕೊಂಡು ವಾಪಸ್ ಕೊಟ್ರಾ?"

ಅಂದಳೇ ಹೊರತು ತಡೆಯಲಿಲ್ಲ. ಮಗಳು ತೊಗಲು ಕೊಯ್ಯುವ ರಂಪಿಗೆ, ದಬ್ಬಳ, ಮೇಣದ ದಾರ, ಬೂಟು ಬೋರಲು ಹಾಕಿ ಬಡಿಯುವ ಮೂರು ಕಾಲಿನ ಕಬ್ಬಿಣ ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ಹೋಗುವಾಗ ಅಟ್ಟೆಯಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ದಲ್ಲಾಳಿಗೆ ಧೈರ್ಯ ಬಂತು. "ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ ಹೊಲಿಗೆ ಕೆಲಸ ಅನ್ನಿ ಅಕ್ಕಾ. ಸುಳ್ಳೇನಲ್ಲವಲ್ಲ?" ಎಂದ. ಸುಳ್ಳಲ್ಲ ನಿಜ. ಆದರೂ ಅವಳು ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಭಾನುವಾರ ಬೆಳಗ್ಗೆ ಬಂದವರು ಕಟ್ಟಡದ ಗುತ್ತಿಗೆದಾರ ಮತ್ತವನ ಹೆಂಡತಿ. ದಲ್ಲಾಳಿ ಉಸಿರು ಬಿಗಿಹಿಡಿದು ರಟ್ಟಿನ ಕಡೆ ಕೈ ತೋರಿಸಿದ. ಹೆಂಡತಿ ಓದಿ ನಕ್ಕಳು.

"ನಾನೂ ಮನೇಲಿ ಇದನ್ನೇ ಬಡ್ಕೋತೀನಿ. ಇವರ ಕಿವಿಗೆ ಹೋದ್ರೆ ತಾನೆ! ನೀವೇ ಒಂದು ಮಾತು ಹೇಳಿ ಇವರಿಗೆ."

ಗುತ್ತಿಗೆದಾರನೂ ನಗುತ್ತ ಕಂದು ಬಣ್ಣದ ಬೂಟು ಬಿಚ್ಚಿದ. ಅಟ್ಟೆಯಮ್ಮನ ಎದೆ ಹಗುರವಾಯಿತು. ಸುಮ್ಮನೆ ಹೆದರಿದ್ದೆವಲ್ಲ, ಒಳ್ಳೆಯ ಜನ ಎಂದುಕೊಂಡಳು.

ಹೆಂಡತಿ ಹಜಾರದಲ್ಲಿ ಬರಿಗಾಲು ಜಾರಿಸಿ ನೋಡಿದಳು. "ಅಯ್ಯೋ, ಬೆಣ್ಣೆ ಮೇಲೆ ನಡೆದ ಹಾಗಿದೆ ಕಣ್ರೀ! ಯಾವ ಪಾಲಿಶ್ ಹಾಕ್ತೀರಿ?"

"ಹೊರದೇಶದ್ದು ಮೇಡಮ್," ದಲ್ಲಾಳಿ ನಡುವೆ ಬಾಯಿ ಹಾಕಿದ. "ಇಲ್ಲೆಲ್ಲ ಸಿಗಲ್ಲ."

ಹೆಂಡತಿ ಅಟ್ಟೆಯಮ್ಮನ ಕಡೆ ತಿರುಗಿದಳು.

"ನೀವೇನು ಕೆಲಸ ಮಾಡ್ತೀರಿ?"

"ಹೊಲಿಗೆ."

"ಒಳ್ಳೇದಾಯ್ತು! ಈ ಮನೆಗೆ ಪರದೆ ಹೊಲಿಸೋದಿದೆ, ನಿಮಗೇ ಕೊಡ್ತೀನಿ."

"ಹೊಲೀತಾರೆ, ಹೊಲೀತಾರೆ," ಎಂದ ದಲ್ಲಾಳಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುತ್ತಿಗೆದಾರ ಗೋಡೆ ತಟ್ಟಿದ, ಕಿಟಕಿ ಎಳೆದ, ಚಾವಣಿಯ ಮೂಲೆಗಳನ್ನು ನೋಡಿದ. ಹೇಳಿದ ಬೆಲೆಗೇ ಒಪ್ಪಿಕೊಂಡ. ನಾಳೆಯೇ ಮುಂಗಡ ಕೊಡುತ್ತೇನೆ, ಒಳಕೋಣೆಯ ಅಳತೆಯೊಂದು ಬಾಕಿಯಿದೆ, ಟೇಪು ಕಾರಿನಲ್ಲಿದೆ, ತರುತ್ತೇನೆ ಎಂದು ಬಾಗಿಲಿಗೆ ಬಂದ. ಅಟ್ಟೆಯಮ್ಮನಿಗೆ ನೆಲ ಕಾಣಲಿಲ್ಲ, ಬಸ್ ನಿಲ್ದಾಣದ ಎದುರಿನ ಆ ಅಂಗಡಿಯ ಶಟರು ಏಳುತ್ತಿದ್ದುದೇ ಕಂಡಿತು. ಆ ಸಂತೋಷದಲ್ಲೇ ಎಡವಟ್ಟಾಯಿತು. ಗುತ್ತಿಗೆದಾರನ ಎಡಗಾಲಿನ ಬೂಟು ಮೆಟ್ಟಿಲ ಮೇಲೆ ಮಗುಚಿ ಬಿದ್ದಿತ್ತು. ಮಗುಚಿದ ಬೂಟು ಕಂಡರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಬಗ್ಗಿ ಎತ್ತಿಕೊಂಡಳು, ಅಟ್ಟೆಯ ಅಂಚಿನ ಸುತ್ತ ಹೆಬ್ಬೆರಳು ಓಡಿಸಿದಳು, ಹಿಮ್ಮಡಿಯ ಹತ್ತಿರ ಬೆರಳು ನಿಂತಿತು.

"ಅರೆ! ಇದು ನನ್ನ ಹೊಲಿಗೆ!" ಮುಖ ಅರಳಿತು. "ಕೊನೇಲಿ ಎರಡು ಗಂಟು ನಾನೇ ಹಾಕೋದು, ಬೇರೆ ಯಾರೂ ಹಾಕಲ್ಲ. ನಿಮ್ಮ ಡ್ರೈವರ್ ತಂದಿದ್ದ ಅಲ್ವಾ ಸಾರ್? ಒಳಗೆ ಮೊಳೆ ಚುಚ್ತಿತ್ತು. ಕೈ ಹಾಕಿ ನೋಡಿ, ಈಗ ಹೂವಿನ ಹಾಗಿರ್ಬೇಕು."

ದಲ್ಲಾಳಿ ಹಲ್ಲು ಕಿರಿದ, ಆ ನಗೆ ಅರ್ಧಕ್ಕೇ ಒಣಗಿತು.

"ಹೊಲಿಗೆ ಅಂದ್ರೆ ಇದಾ?" ಎಂದಳು ಹೆಂಡತಿ. ಕೇಳಿದ್ದು ದಲ್ಲಾಳಿಯನ್ನು. ಒಂದು ಕಾಲೆತ್ತಿ ತನ್ನ ಅಂಗಾಲನ್ನು ನೋಡಿಕೊಂಡಳು. ಆಮೇಲೆ ಇನ್ನೊಂದನ್ನು. "ನಲ್ಲಿ ಎಲ್ಲಿದೆ? ಕಾಲು ತೊಳ್ಕೋಬೇಕು. ಸೋಪಿದ್ರೆ ಕೊಡು."

ಏನಾದರೂ ಅಂಟಿತೇನೋ, ಬೆಳಗ್ಗೆ ತಾನೇ ಒರೆಸಿದ್ದೆನಲ್ಲ ಎಂದು ಅಟ್ಟೆಯಮ್ಮ ಮೊದಲು ನೆಲದ ಮೇಲೆ ಕಣ್ಣಾಡಿಸಿದಳು. ನೆಲ ಹೊಳೆಯುತ್ತಿತ್ತು. ಆಗ 'ಕೊಡು' ಅನ್ನುವ ಮಾತು ನಿಧಾನವಾಗಿ ಕಿವಿಯಿಂದ ಎದೆಗಿಳಿಯಿತು. ಬರುವಾಗ 'ನೀವೇ ಒಂದು ಮಾತು ಹೇಳಿ' ಎಂದ ಬಾಯಿ ಅದು. ಒಂದು ಬೂಟು ಎತ್ತಿ ಇಡುವಷ್ಟರಲ್ಲಿ ಕೊಡಿ ಹೋಗಿ ಕೊಡು ಆಗಿತ್ತು. ಈ ಭಾಷೆಯಲ್ಲಿ ಮನುಷ್ಯರನ್ನು ಕೆಳಗೆ ತಳ್ಳಲು ಬೈಗುಳವೇ ಬೇಕಿಲ್ಲ, ಒಂದು ಅಕ್ಷರ ಬದಲಿಸಿದರೆ ಸಾಕು.

ಹೆಂಡತಿ ಮನೆಯ ಪಕ್ಕದ ನಲ್ಲಿಯ ಕಡೆ ತುದಿಗಾಲಲ್ಲಿ ಹೋದಳು. ಗುತ್ತಿಗೆದಾರ ಅಟ್ಟೆಯಮ್ಮನ ಕೈಯಿಂದ ಬೂಟನ್ನು ಎರಡು ಬೆರಳಲ್ಲಿ ದಾರ ಹಿಡಿದು ತೆಗೆದುಕೊಂಡ, ಎರಡೂ ಬೂಟು ಹಾಕಿ ಬಿಗಿಯಾಗಿ ಕಟ್ಟಿದ, ಕಾರಿನಿಂದ ಟೇಪು ತಂದ. ತಂದವನು ಬಾಗಿಲಲ್ಲಿ ನಿಲ್ಲಲಿಲ್ಲ. ಬೂಟು ಹಾಕಿಕೊಂಡೇ ಹಜಾರಕ್ಕೆ ನಡೆದ. ಒಂದೊಂದು ಹೆಜ್ಜೆಗೂ ಬೀದಿಯ ಮಣ್ಣು ಅಟ್ಟೆಯ ಗೆರೆ ಗೆರೆಯಾಗಿ ನೆಲದ ಮೇಲೆ ಇಳಿಯಿತು.

"ಸಾರ್, ಬೂಟು," ಎಂದಳು ಅಟ್ಟೆಯಮ್ಮ.

"ಪರವಾಗಿಲ್ಲ ಬಿಡು. ಹೇಗೂ ಈ ನೆಲ ಪೂರ್ತಿ ಕಿತ್ತು ಹಾಕ್ಸೋದೇ. ನೀನು ಯೋಚನೆ ಮಾಡ್ಬೇಡ, ಒಪ್ಪಿದ ಬೆಲೇಲಿ ಒಂದು ಕಾಸೂ ಕಮ್ಮಿ ಮಾಡಲ್ಲ."

ಎಂಥ ದೊಡ್ಡ ಮನಸ್ಸು! ಹತ್ತು ನಿಮಿಷದ ಹಿಂದೆ ಅವನ ಹೆಂಡತಿಯ ಪಾದಕ್ಕೆ ಬೆಣ್ಣೆಯಾಗಿದ್ದ ನೆಲ ಈಗ ಕಿತ್ತು ಬಿಸಾಡಬೇಕಾದ ರೋಗ. ಅದಕ್ಕೆ ಪರಿಹಾರ ಪೂರ್ತಿ ಬೆಲೆ. ಅವಳು ಹೊಲಿದದ್ದು ಕಾಲಿಗೆ ಬೇಕು. ಅವಳು ನಡೆದ ನೆಲ ಕಾಲಿಗೆ ಬೇಡ.

ದಲ್ಲಾಳಿ ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ: "ಅಕ್ಕಾ, ನುಂಗ್ಕೊಳ್ಳಿ. ಎರಡು ನಿಮಿಷ. ಅಳತೆ ತಗೊಂಡು ಹೋಗ್ತಾರೆ. ನಾಳೆ ಮುಂಗಡ, ನಾಡಿದ್ದು ಅಂಗಡಿ ನಿಮ್ಮದು. ಇನ್ನೈದೇ ದಿನ ಇರೋದು, ಮರೀಬೇಡಿ."

ಮರೆತಿರಲಿಲ್ಲ. ಐದು ದಿನ ಎನ್ನುವುದು ಹಣೆಯ ಮೇಲೆ ಬರೆದುಕೊಂಡ ಹಾಗಿತ್ತು. ಅವಳು ಮಗಳ ಕಡೆ ನೋಡಿದಳು. ನಿನ್ನೆ ಗೋಣಿಚೀಲ ಹೊತ್ತು ಹೋಗಿದ್ದ ಮಗಳ ಮುಖ ಕೆಂಡವಾಗಿತ್ತು. ಅವಳು ಅಡುಗೆಮನೆಗೆ ಹೋಗಿ, ಹೊರಗಿನ ನಲ್ಲಿಗೆ ನೀರು ಬಿಡುವ ತಿರುಪನ್ನು ತಿರುಗಿಸಿ ಬಂದ್ ಮಾಡಿದಳು. "ಏಯ್, ನೀರು ನಿಂತ್ಹೋಯ್ತು! ಸೋಪು ಹಚ್ಕೊಂಡಿದೀನಿ!" ಎಂದು ಹೊರಗಿನಿಂದ ಕೂಗು ಬಂತು.

"ಆ ನೀರೂ ನಮ್ಮದೇ ಮೇಡಮ್!" ಮಗಳು ಕಿಟಕಿಯಿಂದ ಕೂಗಿ ಹೇಳಿದಳು. "ಅದೂ ಅಂಟಿಕೊಂಡೀತು!"

ಅಟ್ಟೆಯಮ್ಮ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಬೂಟು ಬಿಚ್ಚು. ಇಲ್ಲ ಆಚೆ ನಡಿ."

ಗುತ್ತಿಗೆದಾರನ ಟೇಪು ಗಾಳಿಯಲ್ಲೇ ನಿಂತಿತು. "ಏನಂದೆ? ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ಏಕವಚನ?"

"ನೀನು ಶುರು ಮಾಡಿದ್ದು, ನಾನು ಮುಂದುವರಿಸ್ತಿದೀನಿ. ನನ್ನ ನೆಲ ಹೊಲಸಾ? ಹಾಗಾದ್ರೆ ಆ ಬೂಟು ಅದಕ್ಕಿಂತ ಹೊಲಸು. ಅದರೊಳಗೆ ನನ್ನ ಈ ಕೈ ಮಣಿಕಟ್ಟಿನ ತನಕ ಹೋಗಿ ಬಂದಿದೆ. ತಿಂಗಳುಗಟ್ಟಲೆ ನಿನ್ನ ಕಾಲು ನನ್ನ ಹೊಲಿಗೆ ಮೇಲೆ ನಿಂತು ಮೆರೀತಿದೆ, ಅದನ್ನ ಯಾವ ನಲ್ಲೀಲಿ ತೊಳೀತೀಯ? ಬಿಚ್ಚಿ ಇಲ್ಲೇ ಬಿಸಾಕಿ ಬರಿಗಾಲಲ್ಲಿ ಕಾರು ಹತ್ತು, ನೋಡೋಣ ನಿನ್ನ ಮಡೀನ!"

"ಅಕ್ಕಾ! ಅಕ್ಕಾ!" ದಲ್ಲಾಳಿ ಎರಡೂ ಕೈ ತಲೆ ಮೇಲಿಟ್ಟುಕೊಂಡ.

"ಈ ಬೀದೀಲಿ ಈ ಮನೆ ಹೇಗೆ ಮಾರ್ತೀಯೋ ನಾನೂ ನೋಡ್ತೀನಿ," ಎಂದ ಗುತ್ತಿಗೆದಾರ. ಬೂಟು ಬಿಚ್ಚಲಿಲ್ಲ. ಬಂದ ದಾರಿಯಲ್ಲೇ, ಹಳೆಯ ಗುರುತುಗಳ ಪಕ್ಕ ಹೊಸ ಗುರುತು ಮೂಡಿಸುತ್ತ, ಹಜಾರ ದಾಟಿ ಹೋದ. ಹೊರಗೆ ಹೆಂಡತಿ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಸೋಪಿನ ನೊರೆ ಹಾಕಿಕೊಂಡು ಕಾರಿನತ್ತ ಕುಂಟುತ್ತಿದ್ದಳು.

ಕಾರು ಹೋದ ಮೇಲೆ ದಲ್ಲಾಳಿಯ ಬಾಯಿಗೆ ಕಡಿವಾಣವಿರಲಿಲ್ಲ.

"ಒಂದು ಜೊತೆ ಬೂಟಿಗೋಸ್ಕರ ಮನೆ ವ್ಯಾಪಾರ ಕೆಡಿಸ್ಕೊಂಡ್ರಲ್ಲ! ಆ ಹಾಳು ಬೂಟು ಮುಟ್ಟಿ ಅಂತ ಯಾರು ಹೇಳಿದ್ರು ನಿಮಗೆ? ಸುಮ್ಮನಿದ್ದಿದ್ರೆ..."

"ಸುಮ್ಮನಿದ್ದಿದ್ರೆ ಅವಳ ಪರದೆ ಹೊಲ್ಕೊಂಡು ಕೂತಿರ್ತಿದ್ದೆ. ತಪ್ಪು ಬೂಟು ಮುಟ್ಟಿದ್ದಲ್ಲ ಕಣೋ, ನಿನ್ನ ಮಾತು ಕೇಳಿ ಕಸುಬು ಮುಚ್ಚಿಟ್ಟಿದ್ದು. ನಾಳೆ ಯಾರನ್ನಾದ್ರೂ ಕರ್ಕೊಂಡು ಬರೋದಾದ್ರೆ ಮೊದಲೇ ಹೇಳು, ಮೆಟ್ಟು ಹೊಲಿಯೋಳ ಮನೆ, ಮೆಟ್ಟು ಬಿಟ್ಟೇ ಬರ್ಬೇಕು ಅಂತ. ಕೇಳಿದ ಮೇಲೂ ಬರೋರು ಬರ್ಲಿ."

"ಹಾಗಂದ್ರೆ ಯಾರೂ ಬರಲ್ಲ ಅಕ್ಕಾ."

"ಅದನ್ನ ನೀನು ಹೇಗೆ ಹೇಳ್ತೀಯ? ಒಂದು ಸಲಾನಾದ್ರೂ ಹೇಳಿ ನೋಡಿದೀಯಾ?"

ಅವನು ಚಪ್ಪಲಿ ಮೆಟ್ಟಿಕೊಂಡ. ನೋಡ್ತೀನಿ ಎಂದು ಗೊಣಗಿ ಹೊರಟ. ಅವನ ಹೆಗಲು ನೋಡಿದರೇ ಗೊತ್ತಾಗುತ್ತಿತ್ತು, ಅವನು ನೋಡುವವನಲ್ಲ.

ಅವಳೇ ಅಂಗಡಿಯ ಮಾಲೀಕನಿಗೆ ಫೋನು ಮಾಡಿದಳು.

"ಏನು ಅಟ್ಟೆಯಮ್ಮ, ಗಿರಾಕಿ ಸಿಗಲಿಲ್ವಾ?"

"ಸಿಕ್ಕಿದ್ದ. ನಾನೇ ಆಚೆ ಹಾಕ್ದೆ."

"ನನ್ನ ಹತ್ರ ಇನ್ನೊಬ್ರು ದುಡ್ಡು ಹಿಡ್ಕೊಂಡು ಕಾಯ್ತಿದಾರೆ. ತಿಂಗಳ ಕೊನೆ, ಅಂದ್ರೆ ಶುಕ್ರವಾರದ ತನಕ ಅಂದಿದ್ದೆ, ಅಲ್ಲೀವರೆಗೆ ಇರ್ತೀನಿ. ಆಮೇಲೆ ನನ್ನನ್ನ ಬೈಕೋಬೇಡಿ."

"ಬೈಯಲ್ಲ," ಎಂದು ಫೋನು ಇಟ್ಟಳು.

ಮಗಳು ಬಕೆಟ್ಟು, ಬಟ್ಟೆ ತಂದು ಮಂಡಿಯೂರಿ ಬೂಟಿನ ಗುರುತು ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು:

"ಅಂಗಡಿ ಹೋದ್ರೆ ಹೋಗ್ಲಿ ಅಂತೀಯಾ ಅಮ್ಮಾ?"

"ಹೋಗ್ಲಿ ಅನ್ನೋಕೆ ನಾನೇನು ಸನ್ಯಾಸಿನಾ? ಹೊಟ್ಟೆ ಉರೀತಿದೆ ಕಣೆ. ಆ ಅಂಗಡಿ ನನಗೆ ಬೇಕು." ಅಟ್ಟೆಯಮ್ಮ ನೆಲದ ಮೇಲಿನ ಗುರುತಿಗೆ ಬೆರಳು ತೋರಿದಳು. "ಅವನು ಕಾಲು ತೊಳೀಲಿಲ್ಲ, ನೋಡಿದ್ಯಾ? ಅವಳು ತೊಳ್ಕೊಂಡ್ಳು, ಅವನು ಅದನ್ನೂ ಮಾಡ್ದೆ ಬೂಟು ಹಾಕ್ಕೊಂಡ. ಅಭ್ಯಾಸ ಇದೆ ಅವನಿಗೆ, ತುಳಿದು."

ಮಗಳ ಕೈಯಲ್ಲಿದ್ದ ಬಟ್ಟೆಯನ್ನು ಕಿತ್ತುಕೊಂಡಳು. "ಕೊಡು ಇಲ್ಲಿ. ನೀನು ಕೂತು ಫೋನು ಹಿಡಿ. ಬೇರೆ ದಲ್ಲಾಳಿಗಳು ಎಷ್ಟು ಜನ ಇದಾರೋ ಎಲ್ಲರಿಗೂ ಮಾಡು. ಮೊದಲ ಮಾತು ಏನು ಹೇಳ್ಬೇಕು ಗೊತ್ತಲ್ಲ?"

ಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಎತ್ತಿದಳು. ಆ ಕಡೆ ಯಾರೋ ಹಲೋ ಎಂದರು. ಅವಳು ಒಂದು ಸಲ ಉಸಿರೆಳೆದುಕೊಂಡು, ಬೀದಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ನಮ್ಮಮ್ಮ ಮೆಟ್ಟು ಹೊಲೀತಾರೆ. ನಮ್ಮದೊಂದು ಮನೆ ಮಾರೋದಿದೆ."