ಕ್ಯಾಮೆರಾ ಕೋಣೆಯ ತಮ್ಮ

ನನ್ನ ತಮ್ಮ ಒಂದು ದೊಡ್ಡ ಗೋದಾಮಿನ ಕ್ಯಾಮೆರಾ ಕೋಣೆಯಲ್ಲಿ ಕೆಲಸಕ್ಕಿದ್ದಾನೆ. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಪರದೆಗಳು, ಒಂದು ಕುರ್ಚಿ, ಒಂದು ಮೈಕು. ಯಾರಾದರೂ ಬಿದ್ದರೆ, ಹೊಗೆ ಕಂಡರೆ, ಮೈಕಿನಲ್ಲಿ ಜಾಗದ ಹೆಸರು ಹೇಳಬೇಕು, ಕಾವಲಿನವರು ಓಡುತ್ತಾರೆ. ಅವನು ಮಾತ್ರ ಕುರ್ಚಿ ಬಿಟ್ಟು ಏಳುವಂತಿಲ್ಲ. ಹೆಂಡತಿ ಬಿಟ್ಟುಹೋದ ಮೇಲೆ ಬಾಡಿಗೆ ಕೋಣೆಯಲ್ಲೂ ಒಬ್ಬನೇ. ವರ್ಷಗಳಿಂದ ಹೀಗೇ. ನೆಂಟರೆಲ್ಲ ಅವನಿಗೆ ಜಂಭ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡರು. ಜಂಭವಂತೆ! ಒಬ್ಬರಾದರೂ ಅವನ ಬಾಗಿಲು ತಟ್ಟಿದ್ದರೆ ಆ ಮಾತಿಗೊಂದು ಬೆಲೆ ಇರುತ್ತಿತ್ತು.

ನಮ್ಮ ಮಹಡಿಯ ಕೋಣೆ ಖಾಲಿಯಿತ್ತು. ತಮ್ಮ ಬಂದು ಅಲ್ಲಿರಲಿ ಎಂದು ಗಂಡನ ತಲೆ ತಿಂದೆ. ಮಗುವಿರುವ ಮನೆ, ಮೊದಲು ಒಂದು ಭಾನುವಾರ ಬರಲಿ, ಹೇಗಿದ್ದಾನೆ ನೋಡೋಣ ಎಂದರು ಅವರು. ತಮ್ಮನನ್ನು ಪರೀಕ್ಷೆ ಬರೆಯಲು ಕರೆಯಬೇಕೇ ಎಂದು ರೇಗಿದೆ. ಕೊನೆಗೆ ಒಪ್ಪಿದೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬ್ಯಾಗು ಹಿಡಿದು ಬಂದ. ಊಟಕ್ಕೆ ಕೂತಾಗ ಏನಾದರೂ ಕೇಳಿದರೆ ಬಾಯಿ ತೆರೆದು, ಮುಚ್ಚಿ, ಆಮೇಲೆ ಉತ್ತರಿಸುತ್ತಿದ್ದ. ಆದರೂ ಮಗಳು ಮಾಮ ಎನ್ನುತ್ತ ತೊಡೆಯೇರಿದಾಗ ನಕ್ಕ. ನಾನು ಗೆದ್ದವಳಂತೆ ಗಂಡನ ಮುಖ ನೋಡಿದೆ.

ಊಟವಾದ ಮೇಲೆ ಗಂಡ ಒಳಕೋಣೆಯಲ್ಲಿ ಮಲಗಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದಾಗ ಮಗಳ ಅಳು ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹಿತ್ತಲಿನ ಮೆಟ್ಟಿಲ ಕೆಳಗೆ ಬಿದ್ದಿದ್ದಳು, ಹಣೆ ಒಡೆದು ರಕ್ತ ಸುರಿಯುತ್ತಿತ್ತು. ತಮ್ಮ ಅಲ್ಲೇ ಬಾಗಿಲ ಬಳಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡುತ್ತಿದ್ದ. ಮೆಲ್ಲನೆ ಹೇಳುತ್ತಿದ್ದ.

"ಹಿಂದಿನ ಮೆಟ್ಟಿಲು. ಮಗು ಬಿದ್ದಿದೆ. ಹಿಂದಿನ ಮೆಟ್ಟಿಲು."

ಪಕ್ಕದ ಬೀದಿಯ ಡಾಕ್ಟರು ಹೊಲಿಗೆ ಹಾಕಿ ಕಳಿಸಿದರು. ನನ್ನ ಗಂಡ ಬಕೆಟ್ಟು ಹಿಡಿದು ಮೆಟ್ಟಿಲ ರಕ್ತ ತೊಳೆಯಲು ಹೋದರು, ಬೈದಿದ್ದರೇ ಚೆನ್ನಾಗಿತ್ತು. ಮಗುವನ್ನು ಎತ್ತಿಕೊಳ್ಳಲು ಏನು ಧಾಡಿಯಾಗಿತ್ತು ಎಂದು ನಾನೇ ತಮ್ಮನ ಮೇಲೆ ಹರಿಹಾಯ್ದೆ.

"ಹೇಳಿದೆನಲ್ಲಕ್ಕ. ಹೇಳ್ತಾನೇ ಇದ್ದೆ. ಯಾರೂ ಬರ್ಲಿಲ್ಲ."

ಆ ಹಾಳು ಕೆಲಸ ಬಿಟ್ಟುಬಿಡು ಎಂದೆ.

"ಬಿಟ್ರೆ ಹೇಗಕ್ಕ? ನಾನು ಮಾತಾಡಿದ್ರೆ ಯಾರಾದ್ರೂ ಕೇಳಿಸ್ಕೊಳ್ಳೋದು ಅಲ್ಲೊಂದೇ ಕಡೆ."

ಆಗ ನಾನು ಇಲ್ಲೇ ಇರು ಅನ್ನಬೇಕಿತ್ತು. ನನ್ನ ಸೊಂಟದ ಮೇಲಿದ್ದ ಮಗಳು ಮಾಮನ ಕಡೆ ಕೈಚಾಚಿದಳು. ನಾನು ಅವಳನ್ನು ಆಚೆ ಸೊಂಟಕ್ಕೆ ಬದಲಾಯಿಸಿಕೊಂಡೆ.

ಅವನು ಅದನ್ನು ನೋಡಿದ. ನೋಡುವುದೇ ಅವನ ಕಸುಬು. ಬ್ಯಾಗೆತ್ತಿಕೊಂಡು ಹೊರಟುಹೋದ.