ಒಂದು ಕವಳದ ದಾರಿ

ನನ್ನ ಮಾವ ಮೆಲಿತೋನ್ ಹರಯದಲ್ಲಿ ಲಾಮಾ ಎಂಬ ಹೊರೆಪ್ರಾಣಿಗಳ ಬೆನ್ನಿಗೆ ಉಪ್ಪು ಹೇರಿ ಊರೂರು ಸುತ್ತಿದವರು. ಅವರಿಗೆ ಗಡಿಯಾರವೂ ಬೇಡ, ಕಿಲೋಮೀಟರೂ ಬೇಡ. ಕೋಕಾ ಎಲೆಯ ಒಂದು ಕವಳ ದವಡೆಗಿಟ್ಟರೆ, ಅದು ಸಪ್ಪಗಾಗುವವರೆಗೆ ನಡೆದಷ್ಟು ದೂರವೇ ಒಂದು ಕವಳ. ಸಂತೆಗೆ ಮೂರು ಕವಳ, ಬೀಗರ ಊರಿಗೆ ಏಳು. ಘಟ್ಟದ ನೆತ್ತಿಯ ಕಲ್ಲುಗುಪ್ಪೆಯ ಮೇಲೆ ಸಪ್ಪೆ ಕವಳ ಇಟ್ಟುಬಿಟ್ಟರೆ ದಣಿವೂ ಅಲ್ಲೇ ಉಳಿಯುತ್ತದೆ.

ಆ ಬೆಳಿಗ್ಗೆ, ನಮ್ಮ ಬೆಟ್ಟಗಳಾಚೆ ಕೆಳನಾಡಿನಲ್ಲಿರುವ ತ್ರಿನಿದಾದ್ ಪಟ್ಟಣದಿಂದ ಫೋನ್ ಬಂತು. ಮಾವನ ಒಬ್ಬಳೇ ತಂಗಿ ಇಲಾರಿಯಾ ಅತ್ತೆ ಸಂಜೆ ದಾಟುವುದು ಕಷ್ಟ, "ಅಣ್ಣ ಬಂದನಾ" ಎಂದೇ ಕೇಳುತ್ತಿದ್ದಾರೆ ಎಂದರು. ಅತ್ತೆ ಮದುವೆಯಾಗಿ ಆ ಬಿಸಿಲ ನಾಡಿಗೆ ಇಳಿದ ಮೇಲೆ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ವಿಮಾನದಲ್ಲಿ ಹೋಗೋಣ ಮಾವ, ಒಂದೇ ಗಂಟೆ," ಎಂದೆ.

"ತಲೆ ಕೆಟ್ಟಿದ್ಯೇನೇ? ಇಪ್ಪತ್ತು ದಿನದ ದಾರಿ ಅದು!" ಎಂದವರು ಇಪ್ಪತ್ತು ದಿನಕ್ಕಾಗುವಷ್ಟು ಎಲೆಯನ್ನು ಚೀಲಕ್ಕೆ ತುಂಬತೊಡಗಿದರು.

ನನಗೆ ರೇಗಿಹೋಯಿತು. "ಅಲ್ಲಿ ಅತ್ತೆ ಜೀವ ಹಿಡ್ಕೊಂಡು ಕಾಯ್ತಿದ್ರೆ ನೀವಿಲ್ಲಿ ಎಲೆ ತುಂಬ್ತಾ ಕೂತಿದ್ದೀರಾ? ಏಳಿ ಮೇಲೆ!" ನಾನು ಗದರದಿದ್ದರೆ ನಮ್ಮ ಮನೆಯಲ್ಲಿ ಯಾವುದೂ ನಡೆಯುವುದಿಲ್ಲ.

ಲಾ ಪಾಸ್‌ನಲ್ಲಿ ವಿಮಾನ ಹೊರಟಾಗ ಮಾವ ಮೂರು ಎಲೆ ಆಯ್ದು, ಉಸಿರು ಊದಿ, ಅಜ್ಜಂದಿರೆಂದು ನಾವು ಕೈಮುಗಿಯುವ ಬೆಟ್ಟಗಳ ಹೆಸರು ಹೇಳಿ, ಹೊಸ ಕವಳ ಕಟ್ಟಿ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಅಯ್ಯೋ, ನೋಡೇ! ಬೆಟ್ಟದಜ್ಜನ ನೆತ್ತಿ ಕಾಣ್ತಿದೆ ಕಣೇ! ಅವನ ನೆತ್ತಿ ಕಂಡೋರು ಯಾರಾದ್ರೂ ಇದ್ದಾರಾ?"

ಟೋಪಿ ತೆಗೆದು ಎದೆಗೊತ್ತಿಕೊಂಡರು. ಹುಟ್ಟಿದಾಗಿನಿಂದ ತಲೆ ಎತ್ತಿಯೇ ನೋಡಿದ ಹಿಮ ನಮ್ಮ ಕಾಲ ಕೆಳಗೆ ಬೆಳ್ಳಗೆ ಬಿದ್ದಿತ್ತು. ನಾನೂ ಕಿಟಕಿಯತ್ತ ಬಾಗಿ ಕೈ ಮುಗಿದೆ.

"ಘಟ್ಟ ದಾಟಿದ್ವಲ್ಲ, ಕವಳ ಎಲ್ಲಿಡ್ಲಿ?"

"ಬಾಯಲ್ಲೇ ಇರ್ಲಿ. ಕಿಟಕಿಗೆ ಕೈ ಹಾಕಬೇಡಿ ಮತ್ತೆ!"

ಹಿಮ ಹೋಗಿ ಮೋಡ ಬಂತು. ಮೋಡ ಸರಿದರೆ ಕೊನೆಯಿಲ್ಲದ ಹಸಿರು, ಅದರೊಳಗೆ ಬಿಚ್ಚಿಬಿದ್ದ ನೂಲಿನ ಹಾಗೆ ನದಿಗಳು. ಚಕ್ರ ನೆಲ ಮುಟ್ಟಿದಾಗ ಮಾವ ಕೆನ್ನೆ ಮುಟ್ಟಿ ನೋಡಿಕೊಂಡರು.

"ಇದಿನ್ನೂ ಸಪ್ಪಗಾಗಿಲ್ಲ," ಎಂದು ಪಿಸುಗುಟ್ಟಿದರು. "ಬೇರೆ ಎಲ್ಲೋ ಇಳಿಸಿದಾರೆ ಕಣೇ."

ಅತ್ತೆಯ ಬಾಗಿಲು ದಾಟಿದ ಮೇಲೆಯೇ ನಂಬಿದ್ದು. ಅತ್ತೆ ಕಣ್ಣು ಬಿಟ್ಟರು. ನಮ್ಮಲ್ಲಿ ಬಂದವರನ್ನು ಮೊದಲು ಕೇಳುವುದನ್ನೇ ಕೇಳಿದರು.

"ಅಣ್ಣಾ, ಎಷ್ಟು ಕವಳ ಆಯ್ತೋ?"

ಮಾವ ಹಾಸಿಗೆಯ ಪಕ್ಕ ಕುಕ್ಕರಿಸಿದರು. "ಒಂದು. ಅದೂ ಪೂರ್ತಿ ಇಲ್ಲ."

ಅತ್ತೆ ಅವರನ್ನೇ ನೋಡಿದರು. "ಇಷ್ಟು ಹತ್ರದಲ್ಲಿದ್ದೆಯೇನೋ ನೀನು?"

"ನಂಗೆ ಗೊತ್ತಿರ್ಲಿಲ್ಲ ಕಣವ್ವಾ..." ಮಾವ ಹಾಸಿಗೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ಉಬ್ಬಿದ ಚೀಲವನ್ನು ಸವರಿ ನಕ್ಕರು. "ಅತ್ತಿದ್ದು ಸಾಕು. ಇದೆಲ್ಲ ಮುಗಿಯೋವರೆಗೂ ಇಲ್ಲೇ ಬಿದ್ದಿರು."

ಆ ಸಂಜೆ ದಾಟಿತು, ಆಮೇಲೆ ಎಷ್ಟೋ ಸಂಜೆಗಳು ದಾಟಿದವು. ಚೀಲದ ತಳದಲ್ಲಿ ಒಂದು ಹಿಡಿ ಎಲೆ ಉಳಿದಿದ್ದಾಗ ಇಲಾರಿಯಾ ಅತ್ತೆ ಹೋದರು. ಆ ಹಿಡಿಯನ್ನು ಮಾವ ತಂಗಿಯ ಮಡಿಲಿಗೇ ಕಟ್ಟಿದರು.

"ಆ ದಾರಿ ಎಷ್ಟು ಕವಳವೋ," ಎಂದರು, "ಯಾರಿಗೆ ಗೊತ್ತು."