ತಿದ್ದಿದ ಅಜ್ಜಿಯರು

"ಮೇಷ್ಟ್ರೇ, ಇವರೆಲ್ಲ ಅಕ್ಕತಂಗಿಯರಾ?" ಎಂದಳು ಸಂಘದಕ್ಕ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು.

ಸ್ಟೂಲಿನ ಮೇಲೆ ನಿಂತು ಕೊನೆಯ ಸಾಲಿನ ಚಿತ್ರಗಳನ್ನು ಗೋಡೆಗೆ ಚುಚ್ಚುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ತಿರುಗಲಿಲ್ಲ. "ಯಾರು?" ಎಂದರು.

"ಈ ಅಜ್ಜಿಯರು. ಅಷ್ಟೂ ಮನೆಯ ಅಜ್ಜಿಯರಿಗೆ ಒಂದೇ ಮೂಗು. ಬೆಳಕೂ ಎಲ್ಲರಿಗೂ ಎಡಗಡೆಯಿಂದಲೇ ಬೀಳ್ತಿದೆ. ಒಂದೇ ಕಿಟಕಿ ಹತ್ರ ಸಾಲಾಗಿ ಕೂರಿಸಿ ಬರೆಸಿದ್ರೋ ಹೇಗೆ?"

ಮೇಷ್ಟ್ರು ಆಗಲೇ ನೆಟ್ಟಗಿದ್ದ ಒಂದು ಚಿತ್ರವನ್ನು ಇನ್ನಷ್ಟು ನೆಟ್ಟಗೆ ಮಾಡತೊಡಗಿದರು. ಸಂಘದಕ್ಕನಿಗೆ ಅಷ್ಟರಲ್ಲೇ ಗೊತ್ತಾಯಿತು. ಗೊತ್ತಾಗದೆ ಏನು? ಅವಳೂ ಇನ್ನೊಂದು ಶಾಲೆಯಲ್ಲಿ ಇದೇ ಪಾಠ ಮಾಡುವವಳು. ಮಗುವಿನ ಬೆನ್ನ ಹಿಂದೆ ನಿಂತಾಗ ಕೈ ಹೇಗೆ ಕಡಿಯುತ್ತದೆ, "ಕೊಡು ಇಲ್ಲಿ" ಎಂದು ಪೆನ್ಸಿಲ್ ಕಿತ್ತುಕೊಳ್ಳುವ ಆಸೆ ಹೇಗೆ ಬರುತ್ತದೆ ಎನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ನಿಜವಾದ ಹೆಸರು ಬಹಳ ಜನಕ್ಕೆ ಮರೆತೇ ಹೋಗಿತ್ತು. ಚಿತ್ರಕಲೆ, ಕರಕುಶಲ, ವಿನ್ಯಾಸ ಕಲಿಸುವ ಮೇಷ್ಟ್ರುಗಳೆಲ್ಲ ಸೇರಿ ಕಟ್ಟಿಕೊಂಡ ಸಂಘದಲ್ಲಿ ಅವಳು ಕಾರ್ಯದರ್ಶಿ. ಯಾರ ಹುದ್ದೆಗೆ ಕುತ್ತು ಬರುತ್ತದೋ ಅವರ ಪಕ್ಕದಲ್ಲಿ ಹೋಗಿ ಕೂತು ಅವರ ಪರವಾಗಿ ಮಾತಾಡುವುದು ಅವಳ ಕೆಲಸ. ಸಂಬಳವಿಲ್ಲ, ಬಸ್ಸಿನ ಖರ್ಚೂ ಕೈಯಿಂದಲೇ. ಗೆದ್ದಿದ್ದು ಮಾತ್ರ ಎಲ್ಲೂ ಇಲ್ಲ. ಒಂದು ಕಡೆ ಚಿತ್ರಕಲೆಯ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳಿವೆ, ಇನ್ನೊಂದು ಕಡೆ ಹೊಲಿಗೆ ಕಲಿಸುತ್ತಿದ್ದವರು ಮಕ್ಕಳ ಹಾಜರಿ ಬರೆಯುವ ಕೆಲಸಕ್ಕೆ ಹೋಗಿದ್ದಾರೆ. ಸಂಘದಕ್ಕ ಬಂದಳು ಅಂದರೆ ಹುದ್ದೆ ಹೋಯಿತು ಅಂತಲೇ ತಿಳ್ಕೊಳ್ಳಿ ಎಂದು ಸಂಘದವರೇ ಅವಳ ಮುಖದ ಮುಂದೆ ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಮನೆಗೆ ಹೋದ ಮೇಲೆ ಮೇಲಿನವರಿಗೆ ಇನ್ನೊಂದು ಮನವಿ ಬರೆಯಲು ಕೂರುತ್ತಿದ್ದಳು.

ಈ ಸಲ ಮಾತ್ರ ಗೆಲ್ಲಬಹುದು ಅನ್ನಿಸಿತ್ತು. ಈ ಮೇಷ್ಟ್ರ ಹುದ್ದೆ ಇರಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ಮೂರೇ ಜನ. ಶಾಲೆಯ ಖಜಾಂಚಿ ಖಂಡಿತ ವಿರುದ್ಧ, ಅವರಿಗೆ ಈ ಕೋಣೆ ಪರೀಕ್ಷೆಯ ತರಬೇತಿಗೆ ಬೇಕಾಗಿತ್ತು. ಪೋಷಕರ ಕಡೆಯಿಂದ ಒಬ್ಬ ಟೈಲರಮ್ಮ ಇದ್ದಳು. ಅವಳ ಮಗ ಇದೇ ಮೇಷ್ಟ್ರ ಹತ್ತಿರ ಕಲಿಯುವವನು, ಅವಳದು ಖಂಡಿತ ಪರ. ನಡುವೆ ಹೆಡ್‌ಮಿಸ್ಟ್ರೆಸ್. ಆಕೆ ಕೆಟ್ಟವರಲ್ಲ, ಯಾರು ಜೋರಾಗಿ ಹೇಳುತ್ತಾರೋ ಅವರ ಕಡೆಗೆ ವಾಲುವವರು. ಮೂವರೂ ಇನ್ನರ್ಧ ಗಂಟೆಯಲ್ಲಿ ಈ ಕೋಣೆಗೆ ಬಂದು, ಮಕ್ಕಳು ಏನು ಕಲಿತಿದ್ದಾರೆ ನೋಡಿ, ಇಲ್ಲೇ ಹೇಳಿಬಿಡುತ್ತೇವೆ ಎಂದಿದ್ದರು. ಮೇಷ್ಟ್ರಿಗೆ ಪಿಂಚಣಿ ಸಿಗುವ ವಯಸ್ಸಲ್ಲ, ಬೇರೆ ಕಡೆ ಕೆಲಸ ಕೊಡುವ ವಯಸ್ಸೂ ಅಲ್ಲ. ಇದು ಹೋದರೆ ಮುಂದೇನು ಎಂದು ಕೇಳಿದಾಗ ಅವರು ಸುಮ್ಮನೆ ಕನ್ನಡಕ ಒರೆಸಿಕೊಂಡಿದ್ದರು.

"ಇಳೀರಿ ಕೆಳಗೆ," ಎಂದಳು ಸಂಘದಕ್ಕ. "ಎಷ್ಟು ತಿದ್ದಿದೀರಿ?"

"ಹೆಚ್ಚೇನಿಲ್ಲಕ್ಕ. ಅಲ್ಲಲ್ಲಿ."

"ನನ್ನ ಹತ್ರ ಬೇಡ. ನಿಮ್ಮ ಕೈ ನನಗೆ ಗೊತ್ತಿಲ್ವಾ?"

ಮೇಷ್ಟ್ರು ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತರು. "ಎಲ್ಲವನ್ನೂ," ಎಂದರು. "ಏನ್ ಮಾಡ್ಲಿ? ಮಕ್ಕಳು ತಂದಿದ್ದು ನೋಡಿದ್ರೆ ನಿಮಗೇ ಗಾಬರಿ ಆಗ್ತಿತ್ತು. ಒಬ್ಬಳ ಅಜ್ಜಿಗೆ ಕುತ್ತಿಗೆನೇ ಇಲ್ಲ. ಒಬ್ಬನ ಅಜ್ಜಿ ಆಲೂಗಡ್ಡೆ ಥರ. ಅವನ್ನ ಹಾಕಿದ್ರೆ ಇಷ್ಟು ವರ್ಷ ಈ ಮನುಷ್ಯ ಏನ್ ಕಿಸಿದ ಅನ್ನಲ್ವಾ ಖಜಾಂಚಿ? ನೀವೇ ಫೋನ್ ಮಾಡಿ ಹೇಳಿದ್ರಲ್ಲ, ಚೆನ್ನಾಗಿರೋದನ್ನೇ ಹಾಕಿ ಅಂತ."

"ಚೆನ್ನಾಗಿರೋದನ್ನ ಆರಿಸಿ ಅಂದೆ ನಾನು. ಚೆನ್ನಾಗಿ ಮಾಡಿ ಅಂದ್ನಾ?"

"ಆರಿಸೋಕೆ ಕೂತೆ. ಕೈಯಲ್ಲಿ ಪೆನ್ಸಿಲ್ ಇತ್ತು," ಎಂದರು ಮೇಷ್ಟ್ರು. ಅದಕ್ಕಿಂತ ಹೆಚ್ಚಿನ ಕಾರಣ ಅವರ ಹತ್ತಿರ ಇರಲಿಲ್ಲ, ಪಾಪ.

ಈಗ ಏನು ಮಾಡಿದರೂ ಹೊತ್ತು ಮೀರಿತ್ತು. ಇಳಿಸಿಬಿಡೋಣ ಎಂದರೆ ಹಾಕಲು ಬೇರೇನೂ ಇಲ್ಲ. ಖಾಲಿ ಗೋಡೆ ತೋರಿಸಿ ಹುದ್ದೆ ಉಳಿಸಿ ಎನ್ನುವುದು ಹೇಗೆ? ಸಂಘದಕ್ಕ ಸ್ವಲ್ಪ ಹೊತ್ತು ಆ ಮೂಗುಗಳನ್ನೇ ನೋಡಿದಳು. ಆಮೇಲೆ, "ಹೋಗ್ಲಿ ಬಿಡಿ. ಅವರಿಗೇನು ಗೊತ್ತಾಗುತ್ತೆ? ನೀವು ಮಾತ್ರ ಬಾಯಿ ಬಿಡಬೇಡಿ, ನಾನೇ ಮಾತಾಡ್ತೀನಿ," ಎಂದು ಗುಂಡುಪಿನ್ನುಗಳನ್ನು ಮತ್ತೆ ತುಟಿಗೆ ಕಚ್ಚಿಕೊಂಡಳು.

ಮೂವರೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಖಜಾಂಚಿ ಬಾಗಿಲಲ್ಲೇ ನಿಂತು ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದು, ಎಷ್ಟು ಬೆಂಚು ಹಿಡಿಯುತ್ತವೆ ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದರು. ಹೆಡ್‌ಮಿಸ್ಟ್ರೆಸ್ ಗೋಡೆಯ ಕಡೆ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿ ಬರೆದಿದಾರೆ!" ಎಂದರು. ಟೈಲರಮ್ಮ ಅಂಗಡಿಯಿಂದ ಹಾಗೇ ಎದ್ದು ಬಂದಿದ್ದಳು, ತೋಳಿನ ಮೇಲೆ ನೀಲಿ ದಾರದ ಎಳೆ ಅಂಟಿಕೊಂಡಿತ್ತು. ಬಂದವಳೇ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ನನ್ನ ಮಗ ಬರೆದಿದ್ದನ್ನ ಇವತ್ತು ಮನೆಗೆ ತಗೊಂಡು ಹೋಗ್ಲಾ? ನಮ್ಮತ್ತೆ ಹೋಗ್ಬಿಟ್ರು ಗೊತ್ತಲ್ಲ, ಹೋದ ತಿಂಗಳು. ಅದನ್ನ ಕಟ್ಟು ಹಾಕಿಸಿ ಇಡೋಣ ಅಂತಿದೀನಿ," ಎಂದಳು. ಮೇಷ್ಟ್ರು, "ಅದಕ್ಕೇನಮ್ಮ, ನಿಮ್ಮದೇ ಅದು," ಎಂದರು.

ಸಂಘದಕ್ಕ ಶುರು ಮಾಡಿದಳು. ಅವಳು ಮಾತಿಗೆ ನಿಂತರೆ ಚೆನ್ನಾಗಿಯೇ ಮಾತಾಡುತ್ತಿದ್ದಳು, ಆ ವಿಷಯದಲ್ಲಿ ಯಾರೂ ಅವಳಲ್ಲಿ ತಪ್ಪು ಹುಡುಕುವಂತಿರಲಿಲ್ಲ.

"ನಾವು ಯಾರನ್ನೂ ಕಲಾವಿದರನ್ನಾಗಿ ಮಾಡ್ತೀವಿ ಅಂತ ಹೇಳ್ತಿಲ್ಲ ಮೇಡಂ. ಈ ಪಾಠದಲ್ಲಿ ಕಲಿಸೋದು ಒಂದೇ, ನೋಡೋದು. ಮನೇಲಿ ದಿನಾ ಅಜ್ಜಿ ಇರ್ತಾರೆ, ಮಗು ಅವರ ಕಡೆ ಕಣ್ಣೆತ್ತಿ ನೋಡಲ್ಲ. ನಾವೂ ನೋಡಲ್ಲ. ಮೇಷ್ಟ್ರು ಹೇಳಿದ್ರು, ಎದುರಿಗೆ ಕೂತ್ಕೊಂಡು ನೋಡಿ ಬರಿ ಅಂತ. ಅಷ್ಟು ಹೊತ್ತು ಒಬ್ಬರ ಮುಖ ನೋಡಿದ ಮಗು ಮುಂದೆ ಏನೇ ಓದಿದ್ರೂ ಕಣ್ಣು ಬಿಟ್ಟು ಓದುತ್ತೆ. ಪುಸ್ತಕದಲ್ಲಿ ಇರೋದನ್ನಲ್ಲ, ಎದುರಿಗೆ ಇರೋದನ್ನ ನೋಡುತ್ತೆ. ಈ ಕೋಣೆ ಮುಚ್ಚಿದ್ರೆ ಅದನ್ನ ಕಲಿಸೋಕೆ ಬೇರೆ ಯಾವ ಪಿರಿಯಡ್ ಇದೆ ಹೇಳಿ?"

ಹೆಡ್‌ಮಿಸ್ಟ್ರೆಸ್ ತಲೆದೂಗಿದರು. "ನಿಜ ಕಣ್ರೀ. ನಮ್ಮಮ್ಮನ ಮುಖ ಈಗ ನೆನಪು ಮಾಡ್ಕೊಳ್ಳೋಣ ಅಂದ್ರೆ ಸರಿಯಾಗಿ ಬರೋದೇ ಇಲ್ಲ," ಎಂದು ಮೆಲ್ಲಗೆ ಹೇಳಿದರು. ಖಜಾಂಚಿ ಗಂಟಲು ಸರಿಪಡಿಸಿಕೊಂಡರು, ಆದರೆ ಏನೂ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಕೋಣೆಯಲ್ಲೂ ಸಂಘದಕ್ಕನಿಗೆ ಇಂಥ ಮೌನ ಸಿಕ್ಕಿರಲಿಲ್ಲ. ಮೇಷ್ಟ್ರ ಕಡೆ ನೋಡಿದಳು, ಅವರ ಮುಖದಲ್ಲೂ ಸ್ವಲ್ಪ ಬಣ್ಣ ಬಂದಿತ್ತು.

ಟೈಲರಮ್ಮ ಅಷ್ಟು ಹೊತ್ತೂ ಗೋಡೆಯುದ್ದಕ್ಕೂ ಮಗನ ಹೆಸರಿನ ಚೀಟಿ ಹುಡುಕುತ್ತಿದ್ದಳು. ಕೊನೆಗೆ ಒಂದು ಚಿತ್ರದ ಮುಂದೆ ನಿಂತಳು. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ಸಾರ್, ಚೀಟಿ ಅದಲುಬದಲಾಗಿದೆ. ಇದು ನಮ್ಮತ್ತೆ ಅಲ್ಲ."

"ಅದೇ ಕಣಮ್ಮ," ಎಂದರು ಮೇಷ್ಟ್ರು.

"ಅಲ್ಲ ಸಾರ್. ಅವನು ಬರೆಯುವಾಗ ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೀನಿ. ನಮ್ಮತ್ತೆ ಕಿವಿ ಹೀಗಿರಲಿಲ್ಲ. ಚಿಕ್ಕವರಿದ್ದಾಗ ನಾಯಿ ಕಚ್ಚಿ ಈ ಕಡೆ ಕಿವಿ ಅರ್ಧ ಹೋಗಿತ್ತು, ಉಳಿದಿದ್ದು ಮುದುರಿಕೊಂಡಿತ್ತು. ನನ್ನ ಮಗ ಅದನ್ನ ಹಾಗೇ ಬರೆದಿದ್ದ." ಅವಳು ಇನ್ನೂ ಯಾರ ಮೇಲೂ ಅನುಮಾನಪಟ್ಟಿರಲಿಲ್ಲ. ಅಕ್ಕಪಕ್ಕದ ಚಿತ್ರಗಳನ್ನೂ ಬಗ್ಗಿ ನೋಡಿದಳು. "ಇಲ್ಲೆಲ್ಲೋ ಇರಬೇಕು, ನೋಡಿ ಸಾರ್."

ಸಂಘದಕ್ಕ ಮೇಷ್ಟ್ರಿಗೆ ಕಣ್ಣಲ್ಲೇ ಬೇಡ ಎಂದಳು. ಆದರೆ ಅವರು ಸುಳ್ಳು ಹೇಳಿ ಅರಗಿಸಿಕೊಳ್ಳುವ ಜಾತಿಯವರಲ್ಲ.

"ಹುಡುಗ ತಪ್ಪು ಬರೆದಿದಾನೆ ಅಂದುಕೊಂಡೆ ಕಣಮ್ಮ. ಕಿವಿ ಅರ್ಧಕ್ಕೇ ನಿಂತುಹೋಗಿತ್ತು. ಪೂರ್ತಿ ಮಾಡೋದು ಮರೆತಿದಾನೆ ಅನ್ನಿಸ್ತು. ರಬ್ಬರ್ ಹಾಕಿ ಸರಿ ಮಾಡಿದೆ."

ಟೈಲರಮ್ಮ ಮೇಷ್ಟ್ರ ಮುಖವನ್ನು, ಆಮೇಲೆ ಗೋಡೆಯ ಮೇಲಿದ್ದ ಆ ಸುಂದರವಾದ ಕಿವಿಯನ್ನು ನೋಡಿದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು, ಜಗಳವಾಡಿದವರನ್ನು ಸಮಾಧಾನ ಮಾಡಬಹುದು.

"ಅವರು ಯಾವ ಫೋಟೋಗೂ ಆ ಕಿವಿ ಕೊಡ್ತಿರಲಿಲ್ಲ ಸಾರ್. ಕೂದಲು ಇಳಿಬಿಟ್ಟು ಮುಚ್ಕೊಳ್ಳೋರು. ನಮ್ಮ ಮದುವೆ ಫೋಟೋದಲ್ಲೂ ಹಾಗೇ. ಇವನು ಹಟ ಮಾಡಿದ, ಅಜ್ಜಿ ಕೂದಲು ತೆಗಿ, ಮೇಷ್ಟ್ರು ಇರೋದನ್ನೆಲ್ಲ ಬರಿ ಅಂದಿದಾರೆ ಅಂತ. ನಾನು ಬೈದೆ. ಅವರೇ, ಇರ್ಲಿ ಬಿಡೇ, ಮಗು ತಾನೆ ನೋಡೋದು ಅಂತ ಕೂದಲು ಹಿಂದಕ್ಕೆ ಹಾಕಿ ಕೂತ್ರು. ಅದೊಂದರಲ್ಲೇ ಅವರು ಇದ್ದ ಹಾಗೇ ಇದ್ದಿದ್ದು."

ಖಜಾಂಚಿ ಈಗ ಬಾಯಿ ತೆರೆದರು. "ನೋಡೋದು ಕಲಿಸ್ತೀವಿ ಅಂದ್ರಲ್ಲ ಮೇಡಂ," ಎಂದರು ಸಂಘದಕ್ಕನಿಗೆ. ಕುಹಕವೇನೂ ಇರಲಿಲ್ಲ, ನಿಜವಾಗಿ ಕೇಳುತ್ತಿರುವ ಹಾಗೆಯೇ ಇತ್ತು. ಅದಕ್ಕೇ ಇನ್ನೂ ಜಾಸ್ತಿ ನೋವಾಯಿತು ಅವಳಿಗೆ.

"ತಪ್ಪಾಗಿದೆ, ಇಲ್ಲ ಅನ್ನಲ್ಲ," ಎಂದಳು ಸಂಘದಕ್ಕ. "ಆದ್ರೆ ಆ ಹುಡುಗ ನೋಡಿದ್ನಲ್ಲ ಸಾರ್? ಯಾವ ಫೋಟೋದಲ್ಲೂ ಇಲ್ಲದ್ದನ್ನ ನೋಡಿದ. ಅವನನ್ನ ಅಜ್ಜಿ ಮುಂದೆ ಕೂರಿಸಿದ್ದು ಈ ಮೇಷ್ಟ್ರೇ ತಾನೆ?"

"ಕೂರಿಸಿದ್ರು, ನಿಜ," ಎಂದರು ಹೆಡ್‌ಮಿಸ್ಟ್ರೆಸ್. "ಆಮೇಲೆ ಅಳಿಸಿದ್ರು." ಅವರು ಉಳಿದ ಚಿತ್ರಗಳನ್ನು ಮತ್ತೊಮ್ಮೆ ನೋಡಿದರು. ಈಗ ಅವರಿಗೂ ಮೂಗುಗಳು ಕಂಡವು. "ಎಲ್ಲವೂ ನೀವೇನಾ ಮೇಷ್ಟ್ರೇ?"

ಮೇಷ್ಟ್ರು ಹೌದು ಎನ್ನುವಂತೆ ತಲೆಯಾಡಿಸಿದರು.

ಹೆಡ್‌ಮಿಸ್ಟ್ರೆಸ್ ಟೈಲರಮ್ಮನ ಕಡೆ ತಿರುಗಿ, "ನೀವೇನಂತೀರಿ?" ಎಂದು ಕೇಳಿದರು. ಒಂದು ಮಾತು, ಒಂದೇ ಒಂದು ಮಾತು ಸಾಕಾಗಿತ್ತು.

"ನನ್ನನ್ನ ಏನೂ ಕೇಳ್ಬೇಡಿ," ಎಂದಳು ಟೈಲರಮ್ಮ.

"ಹಾಗಿದ್ರೆ ಇಬ್ಬರದೂ ಒಂದೇ ಅಭಿಪ್ರಾಯ," ಎಂದು ಖಜಾಂಚಿ ಹೆಡ್‌ಮಿಸ್ಟ್ರೆಸ್ ಕಡೆ ನೋಡಿದರು. ಆಕೆ ಅಲ್ಲ ಅನ್ನಲಿಲ್ಲ. ಬಾಗಿಲ ತನಕ ಹೋದವರು ನಿಂತು, "ಈ ತಿಂಗಳ ಕೊನೆಗೆ ಕೋಣೆ ಬಿಟ್ಟುಕೊಡಿ ಮೇಷ್ಟ್ರೇ. ಬೇಜಾರು ಮಾಡ್ಕೋಬೇಡಿ," ಎಂದರು. ಬೇಜಾರಂತೆ! ಅವರಿಬ್ಬರ ಹೆಜ್ಜೆ ಸಪ್ಪಳ ಕಾರಿಡಾರಿನಲ್ಲಿ ದೂರವಾಯಿತು.

ಸಂಘದಕ್ಕ ಕುರ್ಚಿಯಲ್ಲಿ ಕುಸಿದಳು. ಮೇಲಿನವರಿಗೆ ಮನವಿ ಬರೆಯೋಣ, ಸಂಘದಿಂದ ಎಲ್ಲರನ್ನೂ ಕರೆತರೋಣ ಎಂದು ಪ್ರತಿಸಲ ಹೇಳುತ್ತಿದ್ದ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ತಿದ್ದಿದ್ದು ಗೊತ್ತಿದ್ದೂ ಆ ಭಾಷಣ ಬಿಗಿದವಳು ಅವಳೇ. ಕೊನೆಗೆ ಟೈಲರಮ್ಮನಿಗೆ, "ನಿಮ್ಮ ಮಗನ ಹತ್ರ ಇನ್ನೊಂದು ಬರೆಸಿದ್ರೆ?" ಎಂದಳು.

"ಏನ್ ನೋಡ್ಕೊಂಡು ಬರೀತಾನೆ?" ಎಂದಳು ಟೈಲರಮ್ಮ.

ಮೇಷ್ಟ್ರು ಅಷ್ಟರಲ್ಲಿ ಗೋಡೆಯಿಂದ ಆ ಚಿತ್ರವನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದ್ದರು. "ನೀವು ಹೇಳಮ್ಮ, ನಾನು ಬರೀತೀನಿ," ಎಂದರು. "ಹೇಗಿತ್ತು ಅಂತ ಹೇಳಿ. ಮೊದಲು ಬೇರೆ ಹಾಳೆ ಮೇಲೆ ಬರೆದು ತೋರಿಸ್ತೀನಿ. ಸರಿ ಅಂದ ಮೇಲೇ ಇದರ ಮೇಲೆ ಕೈ ಇಡೋದು."

ಬೇಡ ಎಂದು ಹೊರಟುಹೋಗಬಹುದಿತ್ತು ಅವಳು. ಹೋಗಲಿಲ್ಲ, ಎದುರಿಗೆ ಕೂತಳು. "ಕೆಳಗಡೆ ಅರ್ಧ ಇರಲಿಲ್ಲ. ಅಂಚು ಒಳಕ್ಕೆ ಮಡಚಿಕೊಂಡಿತ್ತು," ಎಂದಳು. ಮೇಷ್ಟ್ರು ಬರೆದು ಹಾಳೆಯನ್ನು ಅವಳ ಕಡೆ ತಿರುಗಿಸಿದರು.

"ಹೀಗಾ?"

"ಅಲ್ಲ. ಇನ್ನೂ ಚಿಕ್ಕದು. ಸುಕ್ಕು ಸುಕ್ಕು."

"ಹೀಗಾ?"

"ಅಲ್ಲ ಸಾರ್."

ನಾಲ್ಕೈದು ಹಾಳೆ ಕಿವಿಗಳಿಂದ ತುಂಬಿದವು. ಸಂಘದಕ್ಕ ಎದ್ದು ಹಿಂದೆ ಬಂದು ನಿಂತು ನೋಡಿದಳು. ಹರಿದ ಕಿವಿಗಳು, ಕಚ್ಚಿದ ಕಿವಿಗಳು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಇಂಥ ಕೈ ಅವಳು ಈ ಕಸುಬಿನಲ್ಲಿ ಹೆಚ್ಚು ಕಂಡಿರಲಿಲ್ಲ. ಟೈಲರಮ್ಮನಿಗೆ ಮಾತಿನಲ್ಲಿ ಹೇಳಲು ಬಾರದೆ ಸಾಕಾಗಿ ಹೋಯಿತು. ಅವಳು ಕೂದಲು ಹಿಂದಕ್ಕೆ ಸರಿಸಿ, ತನ್ನ ಕಿವಿಯ ಅಂಚನ್ನೇ ಬೆರಳಿನಿಂದ ಮುದುರಿ ಹಿಡಿದು, "ಹೀಗಿತ್ತು ಸಾರ್, ಸುಮಾರು ಹೀಗೆ," ಎಂದು ಕತ್ತು ತಿರುಗಿಸಿದಳು.

ಮೇಷ್ಟ್ರು ಕನ್ನಡಕ ಮೇಲಕ್ಕೆ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೊಸ ಹಾಳೆ ತೆಗೆದುಕೊಂಡು ನಿಧಾನವಾಗಿ, ಒಂದು ಗೆರೆಯನ್ನೂ ಅಳಿಸದೆ ಬರೆದರು. ಟೈಲರಮ್ಮ ಕಿವಿಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಮುಗಿದ ಮೇಲೆ ಅವರು ಹಾಳೆಯನ್ನು ಅವಳ ಮುಂದೆ ಇಟ್ಟರು.

ಅವಳು ಬಗ್ಗಿ ನೋಡಿದಳು. ಕೈಯನ್ನು ಕಿವಿಯಿಂದ ತೆಗೆದಳು.

"ಚೆನ್ನಾಗಿದೆ ಸಾರ್," ಎಂದಳು. "ಆದ್ರೆ ಇದು ನನ್ನ ಕಿವಿ."

ಮೇಷ್ಟ್ರು ಹೂಂ ಎಂದು, ಮೊಂಡಾಗಿದ್ದ ಪೆನ್ಸಿಲನ್ನು ಮತ್ತೆ ಚೂಪು ಮಾಡತೊಡಗಿದರು.